ಹದಿನೆಂಟನೆಯ ಗಂಟು

ಕೋಥರೂಡ, ಪುಣೆ
೨೨ ಜುಲೈ ೨೦೨೪

ಅಕ್ಕೋರಿಗೆ ಅಂಬಾಳ ನಮಸ್ಕಾರ.

ಕಿವಿಯ ಹೊಸ ಯಂತ್ರ ಹೇಗಿದೆ? ಹಾಕಿಕೊಂಡರೆ ಧಾರವಾಡದ ಆಟೋಗಳೆಲ್ಲ ತಲೆಯೊಳಗೇ ಓಡುತ್ತವೆ ಎಂದು ಬರೆದಿದ್ದಿರಿ. ಹಾಗಿದ್ದರೆ ಅದು ಡಬ್ಬಿಯಲ್ಲೇ ಇರಲಿ. ಫೋನಿನ ಹಂಗಿಲ್ಲದೆ ಇಪ್ಪತ್ತೆರಡು ವರ್ಷದಲ್ಲಿ ಹದಿನೇಳು ಪತ್ತೇದಾರಿ ಕಾದಂಬರಿ ಬರೆದಿದ್ದೇವೆ. ‘ಅಭಿಲಾಷ’ ಎಂಬ ಲೇಖಕ ಪುಣೆಯ ಒಬ್ಬ ಗೃಹಿಣಿ, ಧಾರವಾಡದ ಒಬ್ಬ ನಿವೃತ್ತ ಗಣಿತದ ಅಕ್ಕೋರು ಸೇರಿ ಆದವನು ಎಂದು ಪ್ರಕಾಶಕರನ್ನು ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯವರಿಗೆ ಗೊತ್ತಿದ್ದರೂ ಓದುವುದಿಲ್ಲ. "ಹೆಣಾ ಬೀಳೋ ಪುಸ್ತಕ ನನಗ ಬ್ಯಾಡ" ಎನ್ನುತ್ತಾರೆ. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯನ ಮಾತು ಇದು.

ಹದಿನೆಂಟನೆಯ ಗಂಟು ಕಳಿಸುತ್ತಿದ್ದೇನೆ. ನಿಯಮ ಹಳೆಯದೇ. ಗಂಟು ಹಾಕುವುದು ನಾನು, ಬಿಚ್ಚುವುದು ನೀವು. ಅಪರಾಧಿ ಯಾರೆಂದು ನಾನೂ ನಿರ್ಧರಿಸಿಲ್ಲ. ಓದುಗನನ್ನು ದಾರಿ ತಪ್ಪಿಸಲು ಗಂಟಿನಲ್ಲಿ ಒಂದೇ ಒಂದು ಸುಳ್ಳೆಳೆ ಇರುತ್ತದೆ. ಅದನ್ನು ಹುಡುಕಿ ಎಳೆಯುವ ಕೆಲಸ ನಿಮ್ಮದು.

ರಂಜನಾ ಎಂಬ ಹೆಂಗಸು ಪುಣೆಯ ಒಂದು ಅಪಾರ್ಟ್‌ಮೆಂಟ್ ಸೊಸಾಯಿಟಿಯಲ್ಲಿ ಗಂಡನ ಜೊತೆ ಇದ್ದಾಳೆ. ಒಬ್ಬಳೇ ಮಗಳು ದೀಪಾಲಿ, ಮದುವೆಯಾಗಿ ಎರಡು ವರ್ಷ. ಅಳಿಯ ಸ್ವಪ್ನಿಲ್ ಚಾಕಣದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಬಂದಾಗಲೆಲ್ಲ ಕಾಲಿಗೆ ನಮಸ್ಕರಿಸುತ್ತಾನೆ, ಮಾವನ ಜೊತೆ ಕೇರಂ ಆಡಿ ಬೇಕೆಂದೇ ಸೋಲುತ್ತಾನೆ, ಉಂಡ ತಟ್ಟೆ ತಾನೇ ತೊಳೆಯುತ್ತಾನೆ. ತಮಗೂ ಇಂಥ ಅಳಿಯ ಸಿಗಲಿ ಎಂದು ಸೊಸಾಯಿಟಿಯ ಹೆಂಗಸರು ಹರಕೆ ಹೊರುವಷ್ಟು ಒಳ್ಳೆಯವನು.

ಏಪ್ರಿಲ್‌ನಲ್ಲಿ ದೀಪಾಲಿಯ ಮಣಿಕಟ್ಟಿಗೆ ಬ್ಯಾಂಡೇಜು ಇತ್ತು. ಹಾಲು ಉಕ್ಕಿತಂತೆ. ಮೇ ತಿಂಗಳಲ್ಲಿ ಅವಳ ಫೋನು ನೀರಿಗೆ ಬಿತ್ತು, ಹೊಸದು ಬರಲಿಲ್ಲ. ಆಮೇಲೆ ತಾಯಿಯ ಜೊತೆ ಮಾತೆಲ್ಲ ಗಂಡನ ಫೋನಿನಿಂದ, ಅವನು ಪಕ್ಕದಲ್ಲಿದ್ದಾಗ. ಜೂನ್‌ನಲ್ಲಿ ಶಾಲೆಯ ಕೆಲಸ ಬಿಟ್ಟಳು. ಕೇಳಿದರೆ "ಬ್ಯಾಸರ ಬಂತು" ಎಂದಳು.

ಭಾನುವಾರ ಇಬ್ಬರೂ ಬಂದಿದ್ದರು. ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಎಂದು ರಂಜನಾ ಮಗಳನ್ನು ಒಳಕೋಣೆಗೆ ಕರೆದಳು. ದೀಪಾಲಿ ತಾನೇ ಕೂದಲು ಎತ್ತಿ ಕಟ್ಟಿ, ತಾಯಿಗೆ ಬೆನ್ನು ತಿರುಗಿಸಿ ಕೂತಳು. ಕುತ್ತಿಗೆಯ ಹಿಂದೆ ಒಂದರ ಪಕ್ಕ ಒಂದು ನಾಲ್ಕು ಗುರುತು, ಕಿವಿಯ ಕೆಳಗೆ ಐದನೆಯದು. ಹಳದಿಗೆ ತಿರುಗಿದ್ದವು. ರಂಜನಾ ತನ್ನ ಕೈಯನ್ನು ಅವುಗಳ ಮೇಲಿಟ್ಟು ಅಳೆದಳು. ಅವಳ ಬೆರಳಿಗಿಂತ ದೊಡ್ಡವು.

"ಏನಿದು ದೀಪಾ?"

"ಸೊಳ್ಳಿ ಕಡದಾವ ಅಮ್ಮಾ."

ಅಷ್ಟರಲ್ಲಿ ಸ್ವಪ್ನಿಲ್ ಹೊರಗಿನಿಂದ "ಹೊರಡೂಣೇನು?" ಎಂದ. ಮೆತ್ತಗೇ ಕೇಳಿದ್ದು. ದೀಪಾಲಿಯ ಕೈಯಿಂದ ಬಾಚಣಿಗೆ ಬಿತ್ತು. ಎಣ್ಣೆ ಹಚ್ಚಿಸಿಕೊಳ್ಳದೆ ಎದ್ದು ನಿಂತಳು.

ಗಂಟು ಇಷ್ಟೇ. ಆ ಮನೆಯಲ್ಲಿ ನಡೆಯುತ್ತಿರುವುದೇನು, ಮಾಡುತ್ತಿರುವವರು ಯಾರು? ನಾಗರ ಪಂಚಮಿಗೆ ಮಗಳು ತವರಿಗೆ ಬರುತ್ತಾಳೆ. ಹಬ್ಬ ಮುಗಿದ ಮೇಲೆ ತಾಯಿ ಅವಳನ್ನು ಕಳಿಸಬೇಕೋ, ಇಟ್ಟುಕೊಳ್ಳಬೇಕೋ? ಪಂಚಮಿಗೆ ಮೊದಲೇ ನಿಮ್ಮ ಉತ್ತರ ಬಂದರೆ ಒಳ್ಳೆಯದು.

ನಮ್ಮ ಸಾಯಲಿ, ಅಳಿಯ ವಿಕ್ರಮ ಇಬ್ಬರೂ ಆರಾಮ ಇದ್ದಾರೆ.

ನಿಮ್ಮ
ಅಂಬಾ


ಧಾರವಾಡ
೨೯ ಜುಲೈ ೨೦೨೪
೧/೨

ಅಂಬಾ, ಆಶೀರ್ವಾದ.

ಯಂತ್ರ ಡಬ್ಬಿಯಲ್ಲೇ ಇದೆ, ನಾನು ನೆಮ್ಮದಿಯಾಗಿದ್ದೇನೆ. ಶಾಲೆಯಲ್ಲಿ ಉಳಿದ ಖಾಲಿ ಉತ್ತರಪತ್ರಿಕೆಗಳು ಇನ್ನೂ ಮುಗಿದಿಲ್ಲ, ಕೆಂಪು ಅಂಚಿನ ಅದೇ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಎಂದಿನಂತೆ ಹಾಳೆಗೆ ಅಂಕೆ ಹಾಕಿದ್ದೇನೆ. ಎಂಟನೆಯ ತರಗತಿಯಿಂದಲೂ ನೀನು ಹಾಳೆ ಕಳೆಯುವವಳು.

ನಿನ್ನ ೨೨ನೇ ತಾರೀಖಿನ ಗಂಟು ಎರಡು ಸಲ ಓದಿದೆ. ಬೇರೆ ಯಾರಾದರೂ ಕಳಿಸಿದ್ದರೆ ಸೊನ್ನೆ ಹಾಕಿ ತಿರುಗಿ ಕಳಿಸುತ್ತಿದ್ದೆ. ಮೊದಲ ಪುಟದಲ್ಲೇ ಗಂಡನ ಮುಖಕ್ಕೆ ಟಾರ್ಚು ಹಿಡಿದಿದ್ದೀಯ. ಬ್ಯಾಂಡೇಜು ಅವನ ಕಡೆ, ಫೋನು ಅವನ ಕಡೆ, ಐದು ಬೆರಳೂ ಅವನ ಕಡೆ. ಹದಿನೇಳು ಪುಸ್ತಕದಲ್ಲಿ ಮೊದಲು ಅನುಮಾನ ಬಂದವನನ್ನೇ ನಾವು ಕೊನೆಯಲ್ಲಿ ಎಂದಾದರೂ ಹಿಡಿದಿದ್ದೇವೆಯೇ? ನಮ್ಮ ಪತ್ತೇದಾರ ಕೇದಾರನನ್ನು ಇಂಥ ಮನೆಗೆ ಕರೆದುಕೊಂಡು ಹೋದರೆ ಚಹಾ ಆರುವುದರೊಳಗೆ ಕೆಲಸ ಮುಗಿಸಿ ಎದ್ದುಬಿಡುತ್ತಾನೆ. ಉಳಿದ ಇನ್ನೂರು ಪುಟ ಓದುಗ ಏನು ಮಾಡಬೇಕು?

ಆದರೆ ನೀನು ದಡ್ಡಿ ಅಲ್ಲ. ಹಾಗಾಗಿ ಸುಳ್ಳೆಳೆ ಎಲ್ಲಿ ಎಂದು ಹುಡುಕಿದೆ. ಏಳನೆಯ ಗಂಟಿನಲ್ಲಿ ಗಡಿಯಾರ ಸುಳ್ಳಾಗಿತ್ತು, ಹನ್ನೊಂದರಲ್ಲಿ ಮಾಲಿಯ ಕುಂಟು. ಇಲ್ಲಿ ಗಂಡನೇ ಇಡಿಯಾಗಿ ಸುಳ್ಳೆಳೆ. ಹುಡುಗಿ ತಾನೇ ಕೂದಲು ಎತ್ತಿ ಕಟ್ಟಿ ಬೆನ್ನು ತಿರುಗಿಸಿ ಕೂತಳು ಎಂದು ಬರೆದಿದ್ದೀಯ. ಮುಚ್ಚಿಡಬೇಕಾದವಳು ಕೂದಲು ಎತ್ತುತ್ತಾಳೆಯೇ? ತಾಯಿ ನೋಡಲೆಂದೇ ತೋರಿಸಿದಳು. ನನ್ನ ಕಣ್ಣಿಗೆ ಮಣ್ಣೆರಚಬೇಡ. ಹಾಳೆ ಮುಗಿಯಿತು, ಇನ್ನೊಂದರಲ್ಲಿ ಉತ್ತರ ಬರೆಯುತ್ತೇನೆ.

೨/೨

ಹುಡುಗಿ ತನ್ನ ಗಾಯಗಳನ್ನು ತಾನೇ ಮಾಡಿಕೊಳ್ಳಬೇಕು. ಅನುಮಾನವೆಲ್ಲ ಗಂಡನ ಮೇಲೆ ಬೀಳಬೇಕು. ಗುರುತುಗಳನ್ನು ತಾಯಿಗೆ ಮಾತ್ರ ತೋರಿಸಬೇಕು, ತಾಯಿ ಅದನ್ನು ನಂಬಿ ಪೊಲೀಸರ ಮುಂದೆ ಸಾಕ್ಷಿ ಹೇಳಬೇಕು. ತಂದೆಗೆ ಕೊನೆಯವರೆಗೂ ಏನೂ ಗೊತ್ತಾಗಬಾರದು. ಗಂಡ ಒಳ್ಳೆಯವನಾದಷ್ಟೂ ಕೆಲಸ ಸುಲಭ, ಯಾಕೆಂದರೆ ಅವನು ಎದುರು ಮಾತಾಡುವುದಿಲ್ಲ.

ಪಂಚಮಿ ಮುಗಿದ ಮೇಲೆ ಹುಡುಗಿಯನ್ನು ಗಂಡನ ಮನೆಗೆ ಕಳಿಸಲೇಬೇಕು. ಕಳಿಸದಿದ್ದರೆ ಮುಂದಿನದು ಯಾವುದೂ ನಡೆಯುವುದಿಲ್ಲ. ಇದರಲ್ಲಿ ಎರಡು ಮಾತಿಲ್ಲ.

ಶಿವಗಂಗವ್ವ


ಕೋಥರೂಡ
೧೩ ಆಗಸ್ಟ್ ೨೦೨೪

ಅಕ್ಕೋರಿಗೆ ನಮಸ್ಕಾರ.

ನಿಮ್ಮ ಉತ್ತರ ಪಂಚಮಿಗೆ ನಾಲ್ಕು ದಿನ ಮೊದಲೇ ಮುಟ್ಟಿತು. ಶೇಂಗಾ ಉಂಡಿ ಕಟ್ಟುತ್ತಿದ್ದೆ, ನಿಂತಲ್ಲೇ ಓದಿದೆ. ಕೈಯ ಬೆಲ್ಲ ಎರಡನೆಯ ಹಾಳೆಯ ಮೂಲೆಗೆ ಅಂಟಿಕೊಂಡಿತು. ಓದಿ ಮುಗಿಸಿ, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಸಿರು ಬಿಟ್ಟೆ. ಗಂಡ ಅಲ್ಲ ಎಂದಿರಿ. ಎಂಟನೆಯ ತರಗತಿಯಿಂದ ಇಲ್ಲಿಯವರೆಗೆ ನಿಮ್ಮ ಉತ್ತರ ತಪ್ಪಿದ್ದನ್ನು ನಾನು ಕಂಡಿಲ್ಲ.

ಗಂಟಿನ ಮುಂದಿನ ಸಂಗತಿ ಇದು. ರಂಜನಾ ಮಗಳನ್ನು ಕರೆಸಿ ನಾಲ್ಕು ಥರದ ಉಂಡಿ ಮಾಡಿದಳು. ಸೊಸಾಯಿಟಿಯಲ್ಲಿ ಜೋಕಾಲಿ ಕಟ್ಟುವಂತಿಲ್ಲ, ಹಾಗಾಗಿ ಚಿಕ್ಕ ಮಕ್ಕಳ ಜೋಕಾಲಿಯಲ್ಲೇ ದೀಪಾಲಿಯನ್ನು ಕೂರಿಸಿದಳು. ಹುಡುಗಿ ತೂಗಿಕೊಳ್ಳಲಿಲ್ಲ, ಕಾಲು ನೆಲಕ್ಕೆ ಊರಿ ಸುಮ್ಮನೆ ಕೂತಳು. ಭಾನುವಾರ ಅಳಿಯ ಕಾರು ತಂದ. ರಂಜನಾ ಮಗಳಿಗೆ ಉಡಿ ತುಂಬಿದಳು, ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಬಟ್ಟೆ. ನೀವು ಹೇಳಿದಂತೆ ಕಳಿಸಿದಳು.

ಮಗಳು ಹೊರಡುವಾಗ ಮನೆಗೆಲಸದ ಹೆಂಗಸು ಏನೋ ಅಡ್ಡಮಾತು ಆಡಿದಳು. ಕಥೆಗೆ ಬೇಕಿಲ್ಲವೆಂದು ಬಿಟ್ಟಿದ್ದೇನೆ. ಮುಂದಿನದು ನೀವು ಬರೆಯಿರಿ.

ಅಂಬಾ


ಧಾರವಾಡ
೨೧ ಆಗಸ್ಟ್ ೨೦೨೪

ಅಂಬಾ,

ಮೂರು ಅಧ್ಯಾಯ ಬರೆದೆ. ಕೇದಾರನನ್ನು ದೀಪಾಲಿಯ ಎದುರುಮನೆಗೆ ಬಾಡಿಗೆಗೆ ಇಳಿಸಿದ್ದೇನೆ. ಈ ಸಲ ನಿನ್ನ ಕೈ ಬಲಿತಿದೆ. ಜೋಕಾಲಿಯಲ್ಲಿ ಕಾಲೂರಿ ಕೂತದ್ದು, ಹಸಿರು ಕುಪ್ಪಸದ ಬಟ್ಟೆ, ಇಂಥದ್ದೆಲ್ಲ ನೀನು ಮೊದಲು ಬರೆಯುತ್ತಿರಲಿಲ್ಲ. ಕಣ್ಣಾರೆ ಕಂಡಂತಿದೆ.

ಒಂದು ಕಡೆ ಮಾತ್ರ ಲೆಕ್ಕ ಕೂರುತ್ತಿಲ್ಲ. ನಾಟಕ ಮಾಡುವ ಹುಡುಗಿ ಬಾಚಣಿಗೆ ಬೀಳಿಸಬಹುದು, ಸರಿ. ಆದರೆ ಎಣ್ಣೆ ಹಚ್ಚಿಸಿಕೊಳ್ಳದೆ ಯಾಕೆ ಎದ್ದಳು? ನಾಟಕದವಳಾಗಿದ್ದರೆ ತಾಯಿ ಇನ್ನೂ ಚೆನ್ನಾಗಿ ನೋಡಲಿ ಎಂದು ಕೂತಿರುತ್ತಿದ್ದಳು. ನಾಲ್ಕು ದಿನದಿಂದ ಆ ಬಾಚಣಿಗೆ ಕಾಲಿಗೆ ತೊಡರುತ್ತಿದೆ. ಕೆಲಸದವಳು ಏನಂದಳು, ಅದನ್ನೂ ಬರೆ. ಬೇಕೋ ಬೇಡವೋ ನಾನು ನೋಡಿಕೊಳ್ಳುತ್ತೇನೆ.

ಶಿವಗಂಗವ್ವ


ಪುಣೆ
೧೦ ಸೆಪ್ಟೆಂಬರ್ ೨೦೨೪

ಅಕ್ಕೋರೆ,

ದೀಪಾಲಿ ಎಂಬ ಹುಡುಗಿ ಇಲ್ಲ. ಅವಳು ನಮ್ಮ ಸಾಯಲಿ. ಅವನು ವಿಕ್ರಮ. ಕುತ್ತಿಗೆಯ ಮೇಲೆ ಕೈಯಿಟ್ಟು ಅಳೆದವಳು ನಾನು.

ಶುಕ್ರವಾರ, ಗಣೇಶ ಚೌತಿಯ ಹಿಂದಿನ ದಿನ ಮಧ್ಯಾಹ್ನ, ಸಾಯಲಿ ತನ್ನ ಮನೆಯ ಮೂರನೆಯ ಮಹಡಿಯ ಬಾಲ್ಕನಿಯಿಂದ ಬಿದ್ದಳು. ಕೆಳಗೆ ಸ್ಕೂಟರ್ ನಿಲ್ಲಿಸುವ ತಗಡಿನ ಮಾಡು ಇತ್ತು, ಅದರ ಮೇಲೆ ಬಿದ್ದದ್ದರಿಂದ ಜೀವ ಉಳಿದಿದೆ. ದವಡೆ ಎರಡು ಕಡೆ ಮುರಿದಿದೆ. ಸೊಂಟ, ಎಡಗೈ. ದವಡೆಗೆ ತಂತಿ ಬಿಗಿದಿದ್ದಾರೆ. ನಾಲ್ಕು ದಿನವಾಯಿತು, ಕಣ್ಣು ತೆರೆದಿಲ್ಲ. ತೆರೆಯುತ್ತಾಳೆ ಎಂದೂ ಡಾಕ್ಟರು ಹೇಳುತ್ತಿಲ್ಲ, ಇಲ್ಲ ಎಂದೂ ಹೇಳುತ್ತಿಲ್ಲ.

"ತೋರಣಾ ಕಟ್ಟಾಕ ಸ್ಟೂಲ್ ಹತ್ತಿದ್ಲು. ನಾ ಒಳಗ ಚಹಾ ಮಾಡ್ತಿದ್ದೆ" ಎಂದು ವಿಕ್ರಮ ಎಲ್ಲರಿಗೂ ಹೇಳುತ್ತಿದ್ದಾನೆ. ಅಂದೇ ಸಂಜೆ ಅವಳ ಆಧಾರ್ ಕಾರ್ಡು ತರಲು ಆ ಮನೆಗೆ ಹೋದೆ. ಗ್ಯಾಸಿನ ಕಟ್ಟೆ ಒಣಗಿತ್ತು, ಚಹಾದ ಪಾತ್ರೆ ಮೇಲಿನ ಗೂಟದಲ್ಲಿ ತೂಗುತ್ತಿತ್ತು. ತೋರಣ ಅಂಗಡಿಯ ಚೀಲದಿಂದ ಹೊರಗೇ ಬಂದಿರಲಿಲ್ಲ. ಇಂಥದ್ದನ್ನು ನೋಡುವ ಚಟ ನಿಮ್ಮಿಂದ ಬಂದದ್ದು. ಅಳುತ್ತಲೇ ನೋಡಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ನಮ್ಮ ಮನೆಯವರು ಐಸಿಯು ಹೊರಗಿನ ಬೆಂಚಿನ ಮೇಲೆ ಅಳಿಯನ ಹೆಗಲು ತಬ್ಬಿ ಕೂತಿದ್ದಾರೆ. "ಪಾಪ, ಹುಡುಗ ಊಟಾ ಬಿಟ್ಟಾನ" ಎನ್ನುತ್ತಾರೆ.

ಪೊಲೀಸ್ ಅಧಿಕಾರಿ ಒಬ್ಬ ಮರಾಠಿ ಹೆಣ್ಣುಮಗಳು. ಮೊದಲು ಏನಾದರೂ ನಿಮ್ಮ ಕಣ್ಣಿಗೆ ಬಿದ್ದಿತ್ತೇ ಎಂದು ಕೇಳಿದರು. ನಾನು ಇಲ್ಲ ಎಂದೆ. ಯಾಕೆ ಹಾಗಂದೆ ಗೊತ್ತಿಲ್ಲ, ಬಾಯಿಂದ ಬಂದುಹೋಯಿತು. ಅವರು ಅದನ್ನು ಬರೆದುಕೊಂಡು ನನ್ನ ಸಹಿ ಹಾಕಿಸಿಕೊಂಡರು.

ನನ್ನ ಜುಲೈ ತಿಂಗಳ ಪತ್ರವನ್ನು ಸುಟ್ಟುಬಿಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಅಂಬಾ


ಧಾರವಾಡ
೧೪ ಸೆಪ್ಟೆಂಬರ್ ೨೦೨೪

ಅಂಬಾ,

ನಿನ್ನ ಪತ್ರವನ್ನು ಬಾಗಿಲಲ್ಲೇ ಒಡೆದೆ. ಓದಿ ಒಳಗೆ ಬಂದು ಕೂತವಳು ಸಂಜೆ ದೀಪ ಹಚ್ಚುವಾಗ ಎದ್ದೆನಂತೆ. ಪಕ್ಕದ ಮನೆಯವಳು ಬಂದು ಅಲುಗಾಡಿಸಿದಳು. ಅವಳ ಬಾಯಿ ಆಡುತ್ತಿತ್ತು. ಯಂತ್ರ ಹಾಕಿಕೊಂಡಿರಲಿಲ್ಲ, ನನಗೆ ಏನೂ ಕೇಳಲಿಲ್ಲ.

ನಾನು ಏನು ಬರೆದೆ, ಅಂಬಾ? ಹುಡುಗಿಯನ್ನು ಕಳಿಸಲೇಬೇಕು, ಎರಡು ಮಾತಿಲ್ಲ ಎಂದು ಬರೆದೆ. ಅಡಿಗೆರೆ ಬೇರೆ ಹಾಕಿದ್ದೆನೇನೋ. ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ಒಂದು ಮಗುವಿನ ಕುತ್ತಿಗೆಯ ಗುರುತನ್ನು ಓದಿ, ಓದುಗ ಇನ್ನೂರು ಪುಟ ಏನು ಮಾಡಬೇಕು ಎಂದು ಕೇಳಿದೆ.

ಗಂಟಿನಲ್ಲಿ ಒಂದು ಸುಳ್ಳು ಇರಲೇಬೇಕೆಂದು ಹುಡುಕಿದೆ. ಸಿಗಲಿಲ್ಲ. ಸಿಗಲಿಲ್ಲ ಎಂದು ಒಪ್ಪಿಕೊಳ್ಳಲು ಸೊಕ್ಕು ಬಿಡಲಿಲ್ಲ, ಗಂಡನನ್ನೇ ಸುಳ್ಳು ಮಾಡಿದೆ. ಇದ್ದ ಸುಳ್ಳೆಲ್ಲ ಹೆಸರಿನಲ್ಲಿತ್ತು. ಪತ್ರದ ಕೊನೆಯಲ್ಲಿ ಮಗಳು ಅಳಿಯ ಆರಾಮ ಎಂದು ನೀನು ಬರೆದಿದ್ದೆ. ನಾನು ಕೇಳಿರಲೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಕೇಳದೆ ನೀನು ಯಾರ ಆರೋಗ್ಯವನ್ನೂ ಹೇಳಿದವಳಲ್ಲ. ಅದನ್ನು ಓದಿಯೂ ದಾಟಿಹೋದೆ.

ಹುಡುಗಿ ಬೇಕೆಂದೇ ತೋರಿಸಿದಳು ಎಂಬಲ್ಲಿಗೆ ನಾನು ಸರಿಯಾಗಿಯೇ ಹೋಗಿದ್ದೆ. ಬಾಯಿಂದ ಹೇಳಲಾಗದ್ದನ್ನು ತಾಯಿ ನೋಡಲಿ ಎಂದು ಕೂದಲು ಎತ್ತಿದಳು. ಅಷ್ಟು ಕಂಡೂ ಅದನ್ನು ನಾಟಕ ಎಂದುಬಿಟ್ಟೆ.

ನಿನ್ನ ಮೇಲೂ ನನಗೆ ಸಿಟ್ಟಿದೆ. ಸಾಯಲಿ ಎಂದು ಒಂದು ಸಲ ಬರೆದಿದ್ದರೆ ಮುಂದಿನ ರೈಲಿಗೆ ಬಂದು ಅವಳನ್ನು ನನ್ನ ಮನೆಗೆ ಕರೆತರುತ್ತಿದ್ದೆ. ಯಾಕೆ ಬರೆಯಲಿಲ್ಲ?

ನೀನು ಹೇಳಿದ ಪತ್ರವನ್ನು ಸುಟ್ಟಿದ್ದೇನೆ. ಆ ಮೂರು ಅಧ್ಯಾಯಗಳನ್ನೂ ಸುಟ್ಟೆ.

ಶಿವಗಂಗವ್ವ


ಪುಣೆ
೧೯ ಸೆಪ್ಟೆಂಬರ್ ೨೦೨೪

ಅಕ್ಕೋರೆ,

ಸುಟ್ಟದ್ದು ಒಳ್ಳೆಯದಾಯಿತು. ಆದರೆ ಇಲ್ಲಿ ನಾನು ಎಣಿಸಿರದ ಇನ್ನೊಂದು ಆಗಿದೆ.

ಸೋಮವಾರ ಆ ಅಧಿಕಾರಿ ನನ್ನನ್ನೂ ನಮ್ಮ ಮನೆಯವರನ್ನೂ ಠಾಣೆಗೆ ಕರೆಸಿದರು. ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕೆಂಪು ಅಂಚಿನ ಒಂದು ಹಾಳೆ. ಮೂಲೆಯಲ್ಲಿ ಬೆಲ್ಲದ ಕಲೆ. ನಿಮ್ಮ ಅಕ್ಷರ, ಮೇಲೆ ೨/೨. ಕನ್ನಡ ಬಲ್ಲ ಒಬ್ಬ ಸಿಬ್ಬಂದಿ ಅದನ್ನು ಮರಾಠಿಯಲ್ಲಿ ಓದಿ ಹೇಳಿದರು. ಹುಡುಗಿ ತನ್ನ ಗಾಯ ತಾನೇ ಮಾಡಿಕೊಳ್ಳಬೇಕು. ಅನುಮಾನ ಗಂಡನ ಮೇಲೆ ಬೀಳಬೇಕು. ತಾಯಿ ಸಾಕ್ಷಿ ಹೇಳಬೇಕು. ತಂದೆಗೆ ಗೊತ್ತಾಗಬಾರದು. ಆ ಹಾಳೆಯಲ್ಲಿ ಕಾದಂಬರಿ ಎಂಬ ಮಾತಿಲ್ಲ, ಕೇದಾರನಿಲ್ಲ, ದೀಪಾಲಿ ಎಂಬ ಹೆಸರೂ ಇಲ್ಲ. ಹೆಂಡತಿಯ ಚೀಲದಲ್ಲಿ ಸಿಕ್ಕಿತೆಂದು ವಿಕ್ರಮ ತಂದುಕೊಟ್ಟಿದ್ದಾನೆ. ಅತ್ತೆ, ಧಾರವಾಡದ ಒಬ್ಬ ಮುದುಕಿ, ಹೆಂಡತಿ ಮೂವರೂ ಸೇರಿ ತನ್ನನ್ನು ಜೈಲಿಗೆ ಕಳಿಸಲು ಹೊಂಚು ಹಾಕಿದ್ದರಂತೆ. ಬಾಲ್ಕನಿಯಿಂದ ಹಾರಿದ್ದೂ ಅದರ ಭಾಗವಂತೆ. ಈಗ ತೋರಣದ ಮಾತು ಅವನ ಬಾಯಲ್ಲಿಲ್ಲ.

ನಮ್ಮ ಮನೆಯವರು ಹಾಳೆ ನೋಡಿದರು, ನನ್ನನ್ನು ನೋಡಿದರು. "ಇದೇನದ ಅಂಬಾ" ಎಂದರು. ಕಾದಂಬರಿಯದು ಎಂದೆ, ನಂಬಲಿಲ್ಲ. ಅಂದಿನಿಂದ ಮಾತಿಲ್ಲ. ನಾಳೆ ಸಾಯಲಿ ಕಣ್ಣು ತೆರೆದು ಅವನೇ ನೂಕಿದ ಎಂದರೂ ಯಾರು ನಂಬುತ್ತಾರೆ?

ಒಂದನೆಯ ಹಾಳೆ ಇಲ್ಲೇ ಇದೆ. ಅದನ್ನು ಕೊಟ್ಟರೆ ಇದು ಕಾದಂಬರಿಯ ಮಾತು ಎಂದು ಗೊತ್ತಾಗುತ್ತದೆ. ಆದರೆ ಅದರಲ್ಲಿ ನನ್ನ ೨೨ನೇ ತಾರೀಖಿನ ಗಂಟಿನ ಮಾತಿದೆ. ಅದನ್ನು ತೋರಿಸು ಎನ್ನುತ್ತಾರೆ. ಗೊತ್ತಿದ್ದೂ ಮಗಳನ್ನು ಕಳಿಸಿದೆ ಎಂಬುದು ಬಯಲಾಗುತ್ತದೆ. ಹಾಳೆಯನ್ನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೇನೆ.

ಯಾಕೆ ಬರೆಯಲಿಲ್ಲ ಎಂದು ಕೇಳಿದ್ದೀರಿ. ನಿಜ ಹೆಸರು ಬರೆದಿದ್ದರೆ ನಾನು ಏನಾದರೂ ಮಾಡಬೇಕಾಗುತ್ತಿತ್ತು. ಸುಳ್ಳು ಹೆಸರಿಟ್ಟರೆ ಅದು ಗಂಟು, ಬಿಚ್ಚುವುದು ನಿಮ್ಮ ಕೆಲಸ. ಅವನಲ್ಲ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ, ನೀವು ಹೇಳಿದಿರಿ.

ಇನ್ನೂ ಒಂದಿದೆ. ಪಂಚಮಿಯ ದಿನ ಜೋಕಾಲಿಯ ಹತ್ತಿರ ನಿಂತು ಅವಳನ್ನು ಕೇಳಿದೆ. "ಸಾಯಲಿ, ಖರೇ ಹೇಳು. ಇದನ್ನೆಲ್ಲಾ ನೀನ ಮಾಡ್ಕೋಳಾಕತ್ತಿ ಏನು?" ಅವಳು ನನ್ನ ಮುಖವನ್ನೇ ನೋಡಿದಳು. ಕಾಲು ನೆಲಕ್ಕೆ ಊರಿದ್ದು ಆಗ.

ಹೊರಡುವಾಗ ಅಡ್ಡಮಾತು ಆಡಿದವಳು ನಮ್ಮ ಸಕ್ಕುಬಾಯಿ, ಅಕ್ಕಲಕೋಟೆಯ ಕಡೆಯವಳು. ಪಾತ್ರೆ ತಿಕ್ಕುತ್ತಿದ್ದವಳು ಕೈ ತೊಳೆಯದೆ ಎದ್ದುಬಂದು ಅಂದಳು, "ಬಾಯೀ, ಪೋರಿನ್ನ ಕಳಸಬ್ಯಾಡ್ರಿ. ಅಂವಾ ಬಡೀತಾನ." ಅವಳಿಗೆ ಓದಲು ಬರುವುದಿಲ್ಲ. ನಿನಗೆ ತಿಳಿಯುವುದಿಲ್ಲ ಸುಮ್ಮನಿರು ಎಂದೆ.

ಅಂಬಾ


ಧಾರವಾಡ
೨೫ ಸೆಪ್ಟೆಂಬರ್ ೨೦೨೪

ಅಂಬಾ,

ನಿನಗೆ ಸುಳ್ಳು ಹೇಳಿದ್ದೆ. ಅಧ್ಯಾಯಗಳನ್ನು ಸುಟ್ಟದ್ದು ನಿಜ, ನಿನ್ನ ಪತ್ರವನ್ನಲ್ಲ. ಒಲೆಯ ಮುಂದೆ ಕೂತು ಕೈಯಲ್ಲಿ ಹಿಡಿದೆ, ಆಗಲಿಲ್ಲ. ಅದು ಲಕೋಟೆಯ ಸಮೇತ ನನ್ನ ಹತ್ತಿರವಿದೆ. ಲಕೋಟೆಯ ಮೇಲೆ ಕೋಥರೂಡದ ಅಂಚೆ ಮುದ್ರೆ, ಜುಲೈ ೨೨. ಅವಳು ಬೀಳುವುದಕ್ಕೆ ಆರು ವಾರ ಮೊದಲು ಅವಳ ಕುತ್ತಿಗೆ ಹೇಗಿತ್ತು ಎಂದು ಹೇಳುವ ಕಾಗದ ಈ ಲೋಕದಲ್ಲಿ ಅದೊಂದೇ.

ನಮ್ಮ ಪುಸ್ತಕಗಳಲ್ಲಿ ಇಂಥ ಕಾಗದ ಸಿಕ್ಕರೆ ಕೇದಾರ ಮೀಸೆ ತಿರುವುತ್ತಿದ್ದ. ನಾನು ಅದನ್ನು ಟ್ರಂಕಿನ ತಳಕ್ಕೆ ಇಟ್ಟಿದ್ದೇನೆ. ಅದು ಸಾಯಲಿಯ ಮಾತನ್ನು ಉಳಿಸುತ್ತದೆ. ಮತ್ತು ನಿನ್ನನ್ನು ನಿನ್ನ ಗಂಡನ ಮುಂದೆ, ಮಗಳ ಮುಂದೆ ನಿಲ್ಲಿಸುತ್ತದೆ. ನನ್ನನ್ನೂ ನಿಲ್ಲಿಸುತ್ತದೆ, ಅದಕ್ಕೆ ನಾನು ತಯಾರಿದ್ದೇನೆ.

ಅಕ್ಟೋಬರ್ ಮೂರಕ್ಕೆ ರೈಲಿಗೆ ಪುಣೆಗೆ ಬರುತ್ತಿದ್ದೇನೆ. ಹದಿನೇಳು ಗಂಟು, ಹದಿನೇಳು ಪುಸ್ತಕ ಟ್ರಂಕಿನಲ್ಲಿ ತರುತ್ತೇನೆ. ಮುದುಕಿ ಹೀಗೇ ಬರೆಯುವವಳು ಎಂದು ಅವರು ನೋಡಲಿ. ಕಿವಿಗೆ ಯಂತ್ರ ಹಾಕಿಕೊಂಡು ಬರುತ್ತೇನೆ, ಯಾರು ಏನು ಬಯ್ದರೂ ಕೇಳಿಸಬೇಕು.

ಜುಲೈ ಪತ್ರವನ್ನು ಮಾತ್ರ ಪೊಲೀಸರ ಕೈಗೆ ನಾನು ಕೊಡುವುದಿಲ್ಲ, ನಿನ್ನ ಕೈಗೆ ಕೊಡುತ್ತೇನೆ. ಏನು ಮಾಡುತ್ತೀಯೋ ನೀನೇ ಮಾಡು. ಈ ಸಲ ಉತ್ತರ ನಾನು ಹೇಳುವುದಿಲ್ಲ.

ಶಿವಗಂಗವ್ವ


ಪುಣೆ
೩೦ ಸೆಪ್ಟೆಂಬರ್ ೨೦೨೪

ಅಕ್ಕೋರೆ,

ಈ ಪತ್ರ ಮುಟ್ಟುವುದರೊಳಗೆ ನೀವು ಹೊರಟಿದ್ದರೂ ಇರಬಹುದು. ಆದರೂ ಬರೆಯುತ್ತಿದ್ದೇನೆ. ಇದರ ಮೇಲೂ ಒಂದು ತಾರೀಖು ಇರಲಿ.

ಸಾಯಲಿ ಮಂಗಳವಾರ ಕಣ್ಣು ತೆರೆದಳು. ಬಾಯಿ ತೆರೆಯುವಂತಿಲ್ಲ. ನಿನ್ನೆ ನರ್ಸು ಅವಳ ಬಲಗೈಗೆ ಒಂದು ಬಿಳಿ ಹಲಗೆ, ಪೆನ್ನು ಕೊಟ್ಟಳು. ಇಂದು ಬೆಳಿಗ್ಗೆ ಅಧಿಕಾರಿ ಬಂದರು. ಕೋಣೆಯಲ್ಲಿ ನಾನು, ನಮ್ಮ ಮನೆಯವರು, ಒಬ್ಬ ಡಾಕ್ಟರು. ವಿಕ್ರಮನನ್ನು ಹೊರಗೆ ಕೂರಿಸಿದ್ದರು.

ಹೇಗೆ ಬಿದ್ದೆ ಎಂದು ಅಧಿಕಾರಿ ಕೇಳಿದರು. ಸಾಯಲಿ ಮರಾಠಿಯಲ್ಲಿ ಒಂದೇ ಸಾಲು ಬರೆದಳು. ಅವನು ನೂಕಿದ. ನಮ್ಮ ಮನೆಯವರು ಗೋಡೆ ಹಿಡಿದುಕೊಂಡರು. ಅಧಿಕಾರಿ ಪ್ಲಾಸ್ಟಿಕ್ ಕವರು ತೆಗೆದು ನಿಮ್ಮ ಹಾಳೆ ತೋರಿಸಿದರು. ಹಾಗಾದರೆ ಇದೇನು, ನಿನ್ನ ಚೀಲದಲ್ಲಿ ಹೇಗೆ ಬಂತು ಎಂದು ಕೇಳಿದರು. ಸಾಯಲಿ ಹಾಳೆ ನೋಡಲಿಲ್ಲ, ನನ್ನನ್ನು ನೋಡಿದಳು. ಹಲಗೆ ಒರೆಸಿ ಬಹಳ ಹೊತ್ತು ಬರೆದಳು. ಈ ಸಲ ಕನ್ನಡದಲ್ಲಿ. ಬರೆದು ನನ್ನ ಕಡೆ ತಿರುಗಿಸಿ ಹಿಡಿದಳು.

ಅಧಿಕಾರಿ ನನ್ನನ್ನು ಕೇಳಿದರು, "ಕಾಯ್ ಲಿಹಿಲಂಯ್?" ಏನು ಬರೆದಿದ್ದಾಳೆ ಎಂದು. ಮನೆಯವರು ಮುಖ ಮುಚ್ಚಿಕೊಂಡು ನಿಂತಿದ್ದರು. ಹಲಗೆಯಲ್ಲಿದ್ದದ್ದನ್ನು ಓದಿದವಳು ನಾನೊಬ್ಬಳೇ. ಬಿದ್ದ ನೋವಿನಲ್ಲಿ ಏನೋ ಬರೆದಿದ್ದಾಳೆ ಎಂದರೆ ಅವರು ನಂಬುತ್ತಿದ್ದರು. ಕಾದಂಬರಿ ಬರೆಯುವವಳಿಗೆ ಒಂದು ಸಾಲು ಕಟ್ಟುವುದು ಎಷ್ಟು ಹೊತ್ತಿನ ಕೆಲಸ.

ಹಲಗೆಯ ಮೇಲೆ ಇದ್ದದ್ದು ಇದು:

"ಪಂಚಮಿ ದಿನಾ ನಿನ್ನ ಕಪಾಟಿನ ಖಣದಾಗ ಅಕ್ಕೋರ ಕಾಗದ ಓದಿದೆ. ಎರಡೂ ಹಾಳಿ ಓದಿದೆ. ಅವರು ಉತ್ತರಾ ಬರದಾರ ಅಂದ್ರ ನೀ ಪ್ರಶ್ನಿ ಬರದಿದ್ದಿ. ನಿನಗೆಲ್ಲಾ ಗೊತ್ತಿತ್ತು. ನಾನ ಮಾಡ್ಕೊಂಡೆ ಅಂತ ಅಲ್ಲಿ ಬರದಿತ್ತು, ಅದಕ್ಕ ಆ ಹಾಳಿ ಇಟ್ಕೊಂಡೆ. ನೀ ಗೊತ್ತಿದ್ದೂ ಉಡಿ ತುಂಬಿದಿ. ಅದಕ್ಕ ನಾ ಹೋದೆ."

ನಾನು ಓದಿದೆ. ಮರಾಠಿಯಲ್ಲಿ, ಒಂದು ಶಬ್ದವನ್ನೂ ಬಿಡದೆ. ಉಡಿ ತುಂಬುವುದು ಎಂಬುದು ಅವರಲ್ಲೂ ಇದೆ, ಅಧಿಕಾರಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ನಮ್ಮ ಮನೆಯವರು ಹೋಗಿ ಮಗಳ ಕಾಲ ಹತ್ತಿರ ಕೂತರು. ಸಾಯಲಿ ಹಲಗೆಯನ್ನು ಎದೆಯ ಮೇಲೆ ಬೋರಲು ಹಾಕಿ ಕಣ್ಣು ಮುಚ್ಚಿಕೊಂಡಳು. ನಾನು ಕರೆದೆ. ತೆರೆಯಲಿಲ್ಲ.

ಮನೆಗೆ ಬಂದು ಹಿಟ್ಟಿನ ಡಬ್ಬಿಯ ಕೆಳಗಿನ ಹಾಳೆ ತೆಗೆದೆ, ಠಾಣೆಗೆ ಕೊಟ್ಟೆ. ಮೊದಲು ಸಹಿ ಹಾಕಿದ್ದು ಸುಳ್ಳು, ಹೊಸದಾಗಿ ಬರೆದುಕೊಳ್ಳಿ ಎಂದೆ. ಸಕ್ಕುಬಾಯಿಯೂ ಜೊತೆಗೆ ಬಂದಿದ್ದಳು. ಪಂಚಮಿಗೆ ಬಂದ ಸಾಯಲಿಯ ಮೈಮೇಲೆ ತಾನು ಕಂಡದ್ದನ್ನು ಎರಡು ಮಾತಿನಲ್ಲಿ ಹೇಳಿ ಹೆಬ್ಬೆಟ್ಟು ಒತ್ತಿದಳು. ಸಂಜೆ ವಿಕ್ರಮನನ್ನು ಕರೆದುಕೊಂಡು ಹೋದರು.

ನೀವು ಬರುವಾಗ ಜುಲೈ ಪತ್ರ ತನ್ನಿ. ನನ್ನ ಕೈಗೆ ಕೊಡುವುದು ಬೇಡ, ನೇರ ಅವರ ಕೈಗೆ ಕೊಡಿ. ಜೊತೆಗೆ ಕೆಳಗೆ ಬರೆದ ಇದನ್ನೂ ಕೊಡಿ. ಠಾಣೆಯಲ್ಲಿ ಮರಾಠಿಯಲ್ಲಿ ಹೇಳಿ ಬರೆಸಿದ್ದನ್ನು ಕನ್ನಡದಲ್ಲಿ ನನ್ನ ಕೈಯಾರೆ ಬರೆಯಬೇಕೆನಿಸಿತು.

ಅಂಬಾ ಶ್ಯಾಮ ಗಲಗಲಿ ಎಂಬ ನಾನು ಬರೆದುಕೊಡುವುದು. ಜುಲೈ ೨೧, ಭಾನುವಾರ, ನನ್ನ ಮಗಳು ಸಾಯಲಿ ತಾನೇ ಕೂದಲು ಎತ್ತಿ ಕಟ್ಟಿ, ನನಗೆ ಬೆನ್ನು ತಿರುಗಿಸಿ ಕೂತಳು. ಕುತ್ತಿಗೆಯ ಹಿಂದೆ ನಾಲ್ಕು ಗುರುತು, ಕಿವಿಯ ಕೆಳಗೆ ಐದನೆಯದು. ನನ್ನ ಕೈಯಿಟ್ಟು ಅಳೆದೆ. ಅವು ಯಾರ ಬೆರಳು ಎಂದು ನನಗೆ ಆಗಲೇ ಗೊತ್ತಾಯಿತು. ಆಗಸ್ಟ್ ೧೧ರಂದು ವಿಕ್ರಮ ಕಾರು ತಂದ. ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಬಟ್ಟೆ ಇಟ್ಟು ನಾನೇ ಉಡಿ ತುಂಬಿ ಅವಳನ್ನು ಅವನ ಜೊತೆ ಕಳಿಸಿದೆ.

ಅಂಬಾ